ಘಟಕ ಕಟ್ಟಿದ್ದಾಯಿತು, ಕಾಯುವವರು ಯಾರು?

ದಾಸೋಹವೆಂದರೆ ನಮಗೆ ಮೊದಲು ನೆನಪಾಗುವುದು ಅನ್ನ. ನೀರನ್ನು ನಾವು ಲೆಕ್ಕಕ್ಕೇ ಹಿಡಿಯುವುದಿಲ್ಲ. ಕೋಲಾರ ಜಿಲ್ಲೆಯವರು ಹಾಗೆ ಮಾಡುವಂತಿಲ್ಲ. ಇಲ್ಲಿ ಕೊಳವೆಬಾವಿಗಳು ಸಾವಿರ ಅಡಿ ದಾಟಿ ಎಷ್ಟೋ ಕಾಲವಾಯಿತು. ಅಷ್ಟು ಆಳದ ಕಲ್ಲಿನ ಬಿರುಕುಗಳಲ್ಲಿ ಬಹುಕಾಲ ನಿಂತ ನೀರಿನಲ್ಲಿ ಫ್ಲೋರೈಡ್ ಕರಗಿರುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದೆಂಬುದು ನಿಯಮ. ಕಣ್ಣಿಗೆ ಕಾಣದ, ನಾಲಿಗೆಗೆ ತಿಳಿಯದ ವಸ್ತು ಅದು.

ನಿವೃತ್ತನಾಗಿ ಆವನಿಗೆ ಮರಳಿದ ಮೇಲೆ ನನ್ನ ಕಾಯಕ ಮೊಮ್ಮಗನನ್ನು ನೋಡಿಕೊಳ್ಳುವುದು. ಅವನಿಗೀಗ ಮೂರು ದಾಟಿದೆ. ಮಗ ನರಸಾಪುರದ ಕಾರ್ಖಾನೆಗೆ, ಸೊಸೆ ಮುಳಬಾಗಿಲಿಗೆ ಹೊರಟರೆ ಮನೆ ನಮ್ಮಿಬ್ಬರದು. ರಾಗಿ ಅಂಬಲಿ ಕುಡಿಸಿ, ಅಂಗನವಾಡಿಗೆ ಬಿಟ್ಟು, ಕರೆತಂದು ಮಲಗಿಸಿ, ಸಂಜೆ ರಾಮಲಿಂಗೇಶ್ವರ ಗುಡಿಯ ಕಡೆ ಓಡಾಡಿಸುತ್ತೇನೆ. ಸೀತೆ ಲವಕುಶರನ್ನು ಹೆತ್ತದ್ದು ಇಲ್ಲಿನ ಬೆಟ್ಟದಲ್ಲೇ ಎಂದು ಊರವರ ನಂಬಿಕೆ. ಅಲ್ಲೂ ಮಕ್ಕಳನ್ನು ನೋಡಿಕೊಂಡದ್ದು ಒಬ್ಬ ತಾತನೇ!

“ತಾತ, ಅಪ್ಪ ಹಲ್ಲುಜ್ಜಲ್ವಾ?” ಎಂದು ಮೊನ್ನೆ ಕೇಳಿದ. ಅವರಪ್ಪನ ಹಲ್ಲಿನ ಕಂದು ಗೆರೆ ಉಜ್ಜಿದರೆ ಹೋಗುವಂಥದಲ್ಲ. ಶಾಶ್ವತ ಹಲ್ಲುಗಳಲ್ಲಿ ಬಹುಪಾಲು ಒಸಡಿನೊಳಗೆ ರೂಪುಗೊಳ್ಳುವುದು ಎಂಟು ವರ್ಷದೊಳಗೆ. ಆಗ ಕುಡಿದ ನೀರಿನ ಗುರುತು ಕೊನೆತನಕ ಉಳಿಯುತ್ತದೆ. ಪ್ರಮಾಣ ತೀರ ಹೆಚ್ಚಿದ್ದು, ವರ್ಷಾನುಗಟ್ಟಲೆ ಕುಡಿದರೆ ಮೂಳೆ ಕೀಲುಗಳನ್ನೂ ಹಿಡಿಯುತ್ತದೆ. ಮೊಮ್ಮಗನ ಹಲ್ಲು ಈಗ ಒಳಗೊಳಗೇ ಬೆಳೆಯುತ್ತಿದೆ.

ಇದಕ್ಕೆಂದೇ ಹಳ್ಳಿಹಳ್ಳಿಗೆ ಶುದ್ಧ ಕುಡಿಯುವ ನೀರಿನ ಘಟಕಗಳು ಬಂದವು. ಒಳ್ಳೆಯ ಯೋಜನೆ. ಆದರೆ ನಾಣ್ಯ ಹಾಕಿದಾಗ ಕ್ಯಾನ್ ತುಂಬಿದ ಮಾತ್ರಕ್ಕೆ ಘಟಕ ಕೆಲಸ ಮಾಡುತ್ತಿದೆ ಎಂದಲ್ಲ. ಒಳಗಿನ ಮೆಂಬ್ರೇನ್ ಹಾಳಾದ ಮೇಲೂ ನೀರು ಬರುತ್ತದೆ, ಫ್ಲೋರೈಡ್ ಸಮೇತ. ಕುದಿಸಿದರೂ ಅದು ಹೋಗದು. ಕೆಲವರು ಜೇಬಿನಿಂದ ಟಿಡಿಎಸ್ ಮೀಟರ್ ತೆಗೆದು ಅದ್ದಿ, “ನೀರು ಚೆನ್ನಾಗೈತೆ ಸಾರ್” ಎನ್ನುತ್ತಾರೆ. ಕರಗಿದ ಲವಣಗಳ ಒಟ್ಟು ಅಂದಾಜನ್ನು ಅದು ಹೇಳೀತು; ಅದರಲ್ಲಿ ಫ್ಲೋರೈಡ್ ಎಷ್ಟೆಂದು ಹೇಳದು.

ಈಚೆಗೆ ಒಂದು ಹಳ್ಳಿಯಲ್ಲಿ ಘಟಕಕ್ಕೆ ಬೀಗ ಬಿದ್ದಿತ್ತು. ಎಷ್ಟು ದಿನವಾಯಿತೆಂದರೆ ಪಕ್ಕದ ಅಂಗಡಿಯವರು ನಕ್ಕರು. ಇಲಾಖೆಯಲ್ಲಿ ದುಡಿದವನಾಗಿ ಹೇಳುತ್ತೇನೆ: ಕಟ್ಟುವಾಗ ಹಣ, ಹಾರ, ಫೋಟೋ ಎಲ್ಲ ಸಿಗುತ್ತವೆ, ನಿರ್ವಹಣೆಗೆ ಸಿಗುವುದು ಕಡತ. ಅನುಕೂಲಸ್ಥರು ಖಾಸಗಿ ಕ್ಯಾನ್ ತರಿಸಿಕೊಂಡು ಸುಮ್ಮನಾಗುತ್ತಾರೆ. ಗಟ್ಟಿಯಾಗಿ ಕೇಳಬಲ್ಲವರೇ ಹೊರನಡೆದರೆ ಆ ಸೇವೆ ಸೊರಗದೆ ಇನ್ನೇನಾದೀತು? ನಮ್ಮ ಮನೆಯಲ್ಲೂ ಶುದ್ಧೀಕರಣ ಯಂತ್ರವಿದೆ, ನಿಜ. ಅದಿಲ್ಲದ ಮನೆಯ ಮಗು ಕುಡಿಯುವುದು ಯಾವ ನೀರು?

ಮಠಗಳು ಸರ್ಕಾರದ ಕೆಲಸವನ್ನು ಹೊತ್ತುಕೊಳ್ಳಲಿ ಎನ್ನುತ್ತಿಲ್ಲ. ಹೊತ್ತರೆ ಹೊರಬೇಕಾದವರು ಇನ್ನಷ್ಟು ಹಾಯಾಗಿರುತ್ತಾರೆ. ನಾವು ಕೇಳುವುದನ್ನು ಕಲಿಯಬೇಕು. 2019ರಲ್ಲಿ ಜಲಜೀವನ್ ಮಿಷನ್ ಶುರುವಾದ ಮೇಲೆ ಹಳ್ಳಿಯ ಹೆಣ್ಣುಮಕ್ಕಳಿಗೇ ಕಿಟ್ ಕೊಟ್ಟು ನೀರು ಪರೀಕ್ಷಿಸುವ ತರಬೇತಿ ನೀಡುವ ವ್ಯವಸ್ಥೆಯಿದೆ. ಆ ಫಲಿತಾಂಶವನ್ನು ದಿನಾಂಕ ಸಮೇತ ಘಟಕದ ಬಾಗಿಲಿಗೆ, ಅಂಗನವಾಡಿ ಗೋಡೆಗೆ ಅಂಟಿಸಿ, ಮೆಂಬ್ರೇನ್ ಬದಲಿಸಿದ ದಿನವನ್ನೂ ಬರೆಯಿರಿ ಎಂದು ಗ್ರಾಮಸಭೆಯಲ್ಲಿ ಕೇಳೋಣ. ಶ್ರಾವಣದ ಪ್ರವಚನಕ್ಕೆ ಸೇರುವ ನೂರು ಜನರಲ್ಲಿ ಹತ್ತು ಮಂದಿ ಬಂದರೂ ಸಾಕು. ಮಹಾದ್ವಾರಕ್ಕೆ ದೇಣಿಗೆ ಕೊಡುವ ಭಕ್ತರು ತಮ್ಮ ಮಠದ ದಾಸೋಹದ ನೀರನ್ನೂ ಒಂದು ಬಾಟಲಿ ತುಂಬಿ ಸರ್ಕಾರಿ ಪ್ರಯೋಗಾಲಯಕ್ಕೆ ಕೊಟ್ಟು ಬರಲಿ.