ಕೆಲಸದವರನ್ನು ಬಿಡಿಸಬೇಡಿ, ಔಷಧ ಕೊಡಿಸಿ

ಹೊರದೇಶಗಳಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಒಂದು ಮನವಿ

1990–91ರಲ್ಲಿ ನ್ಯೂಯಾರ್ಕ್ ನಗರದ ಸಂಪ್ರದಾಯಸ್ಥ ಯೆಹೂದಿ ಸಮುದಾಯದ ನಾಲ್ವರಿಗೆ ಮೇಲಿಂದ ಮೇಲೆ ಫಿಟ್ಸ್ ಬಂತು. ಅವರ ಮಿದುಳಿನಲ್ಲಿದ್ದದ್ದು ಹಂದಿ ಲಾಡಿಹುಳುವಿನ ಮರಿಗಂಟುಗಳು. ಹಂದಿ ಮಾಂಸವನ್ನೇ ಮುಟ್ಟದ ಜನ ಅವರು! ಆ ಮನೆಗಳಲ್ಲಿ ಕೆಲಸಕ್ಕಿದ್ದವರು ಲ್ಯಾಟಿನ್ ಅಮೆರಿಕದಿಂದ ಬಂದವರು. ಪರೀಕ್ಷಿಸಿದಾಗ ಒಬ್ಬರ ಕರುಳಿನಲ್ಲಿ ಹುಳು ಸಿಕ್ಕಿತು, ಇನ್ನೊಬ್ಬರ ರಕ್ತದಲ್ಲಿ ಸೋಂಕಿನ ಸುಳಿವು.

‘ನಾವು ಸಸ್ಯಾಹಾರಿಗಳು, ನಮಗೇನು?’ ಎನ್ನುವವರು ಇದನ್ನು ಇನ್ನೊಮ್ಮೆ ಓದಿ. ಅರೆಬೆಂದ ಹಂದಿ ಮಾಂಸ ತಿಂದರೆ ಹುಳು ಕರುಳಿನಲ್ಲಿ ಬೆಳೆಯುತ್ತದೆ. (ಕೊಡಗಿನ ಪಂದಿಕರಿಯನ್ನು ದೂರಬೇಡಿ, ಚೆನ್ನಾಗಿ ಬೆಂದ ಮಾಂಸಕ್ಕೆ ಈ ದೋಷವಿಲ್ಲ.) ಮಿದುಳಿಗೆ ಏರುವುದು ಹುಳುವಿನ ಮೊಟ್ಟೆ ಹೊಟ್ಟೆಗೆ ಹೋದಾಗ. ಹುಳುವಿರುವ ಮನುಷ್ಯನ ಮಲದಲ್ಲಿ ಬರುವ ಆ ಮೊಟ್ಟೆ, ತೊಳೆಯದ ಕೈಯಿಂದ ನಿಮ್ಮ ಕೋಸಂಬರಿಗೂ ಬೀಳಬಹುದು.

ಕೆಲಸಕ್ಕೆ ಸೇರಿಸುವ ಮೊದಲೇ ಪರೀಕ್ಷೆ ಮಾಡಿಸಬೇಕೆಂದು ನ್ಯೂಯಾರ್ಕ್ ಪ್ರಕರಣದ ತಜ್ಞರು ಸೂಚಿಸಿದರು. ಪರೀಕ್ಷೆ ಬೇಕು, ಒಪ್ಪುತ್ತೇವೆ. ಆದರೆ ಹುಳು ಕಂಡರೆ ಕೆಲಸ ಹೋಗುತ್ತದೆಂದಾದರೆ ಯಾರು ತಾನೇ ಮುಂದೆ ಬರುತ್ತಾರೆ? ಹುಳು ಹೊತ್ತವರಿಗೆ ಬಹುಪಾಲು ಅದರ ಅರಿವೇ ಇರುವುದಿಲ್ಲ. ಕರುಳಿನ ಹುಳುವಿಗೆ ನಿಕ್ಲೋಸಮೈಡ್ ಒಂದೇ ಸಲ ನುಂಗಿದರೆ ಸಾಮಾನ್ಯವಾಗಿ ಸಾಕು. ಇಷ್ಟು ಸುಲಭದ ಕಾಯಿಲೆಗೆ ಒಬ್ಬರ ಅನ್ನ ಕಿತ್ತುಕೊಳ್ಳುವುದು ಅನ್ಯಾಯ, ದಡ್ಡತನವೂ ಹೌದು: ಹುಳು ಅವರೊಂದಿಗೆ ಮುಂದಿನ ಮನೆಗೆ ಹೋಗುತ್ತದೆ. ಅಲ್ಲದೆ, ರಜೆಗೆ ಊರಿಗೆ ಹೋಗಿ ಬಂದ ನಾವೇ ಹುಳು ತಂದಿರಬಾರದೇಕೆ? ಮನೆಯಲ್ಲಿ ಒಬ್ಬರಿಗೆ ಈ ರೋಗ ಪತ್ತೆಯಾದರೆ ಎಲ್ಲರ ಮಲ ಪರೀಕ್ಷೆಯಾಗಲಿ, ಮೊದಲ ಡಬ್ಬಿ ಯಜಮಾನರದ್ದು. ಒಂದೇ ಮಾದರಿಯಲ್ಲಿ ಮೊಟ್ಟೆ ತಪ್ಪಿಸಿಕೊಳ್ಳಬಹುದು, ಬೇರೆ ಬೇರೆ ದಿನ ಕೊಡಿ.

ಈ ರೋಗ ಅಪರೂಪವಾದ ದೇಶದಲ್ಲಿ ವೈದ್ಯರಿಗೆ ಅದು ತಟ್ಟನೆ ಹೊಳೆಯದು. ಫಿಟ್ಸ್ ಬಂದರೆ ಎಲ್ಲಿ ಬೆಳೆದಿರಿ, ಎಲ್ಲೆಲ್ಲಿ ಇದ್ದಿರಿ ಎಂದು ನೀವೇ ಹೇಳಿ. ಬಂದು ಹತ್ತು ವರ್ಷವಾಯಿತೆಂದು ಬಿಡಬೇಡಿ. ಭಾರತದಲ್ಲಿ ಸೇವೆ ಮುಗಿಸಿ ಬ್ರಿಟನ್ನಿಗೆ ಮರಳಿದ ಸೈನಿಕರಿಗೂ ಫಿಟ್ಸ್ ಶುರುವಾದದ್ದು ಎಷ್ಟೋ ವರ್ಷಗಳ ನಂತರ. 1961ರಲ್ಲಿ ಡಿಕ್ಸನ್ ಮತ್ತು ಲಿಪ್ಸ್‌ಕಂಬ್ ಇಂಥ 450 ರೋಗಿಗಳ ವರದಿ ಪ್ರಕಟಿಸಿದರು.

ಊರಿಂದ ತಂದ ಜಂತುಹುಳು ಮಾತ್ರೆಯನ್ನು ಮಾತ್ರ ಫಿಟ್ಸ್ ಬಂದವರಿಗೆ ನೀವಾಗಿಯೇ ನುಂಗಿಸಬೇಡಿ. ಅಲ್ಬೆಂಡಜೋಲ್, ಪ್ರಾಜಿಕ್ವಾಂಟೆಲ್ ಮಿದುಳಿನ ಗಂಟಿಗೂ ತಾಗುತ್ತವೆ. ಸಾಯುವ ಮರಿಯ ಸುತ್ತ ಬಾವು ಬಂದು ಫಿಟ್ಸ್ ಹೆಚ್ಚಬಹುದು. ಅದಕ್ಕೇ ವೈದ್ಯರು ಮೊದಲು ಸ್ಕ್ಯಾನ್ ಮಾಡಿಸಿ, ಜೊತೆಗೆ ಸ್ಟೀರಾಯ್ಡ್ ಕೊಡುತ್ತಾರೆ.

ಕನ್ನಡ ಸಂಘಗಳು ತಮ್ಮ ಆರೋಗ್ಯ ಶಿಬಿರಗಳಿಗೆ ಮನೆಗೆಲಸದವರನ್ನೂ ಅಡುಗೆಯವರನ್ನೂ ಕರೆಯಲಿ. ಪರೀಕ್ಷೆ, ಔಷಧದ ಖರ್ಚು ಕೆಲಸ ಕೊಟ್ಟವರದು. ಆ ದಿನಗಳ ಸಂಬಳ ಕಡಿಯಕೂಡದು.