ಹೊಳೆಯ ದಡ ಯಾರ ಪಾಲು?

ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟುವ ದಕ್ಷಿಣ ಪಿನಾಕಿನಿ ಬೆಂಗಳೂರಿನ ಕೊಳಚೆಯನ್ನೂ ಹೊತ್ತು ನಮ್ಮ ಹೊಸೂರಿನ ಕೆಲವರಪಳ್ಳಿ ಅಣೆಕಟ್ಟೆಗೆ ಬರುತ್ತದೆ. ಅಲ್ಲಿ ಏಳುವ ನೊರೆಯನ್ನು ಎಲ್ಲರೂ ಕಂಡಿದ್ದೇವೆ. ಅದನ್ನು ತಡೆಯಬೇಕಾದವರು ಮೇಲಿನ ಪಟ್ಟಣದವರು. ಅವರನ್ನು ಕೇಳುತ್ತಲೇ ಇರೋಣ. ಆದರೆ ದಡ ಬೋಳಾದದ್ದಕ್ಕೆ ನಾವೂ ಹೊಣೆ.

ಹೊಂಗೆ, ಹೊಳೆಮತ್ತಿ, ನೇರಳೆ, ಲಕ್ಕಿ, ಬಿದಿರು ಇರಬೇಕಾದ ಕಡೆ ನೀರಿನಂಚಿನವರೆಗೂ ಉಳುತ್ತಿದ್ದೇವೆ. ಬೇರಿಲ್ಲದ ದಡ ಪ್ರವಾಹಕ್ಕೆ ಕುಸಿದು, ಕೃಷ್ಣಗಿರಿ ಅಣೆಕಟ್ಟೆಯಲ್ಲಿ ಹೂಳಾಗಿ ಕೂರುತ್ತದೆ. ಹೊಲದ ರಸಗೊಬ್ಬರ, ಔಷಧಿಯೂ ನೇರವಾಗಿ ಹೊಳೆಗಿಳಿಯುತ್ತವೆ.

ಗಿಡ ನೆಡಿ ಎಂದು ಹೇಳುವುದು ಸುಲಭ. ಒಂದೆಕರೆಯ ರೈತ ಟೊಮೇಟೊದ ಎರಡು ಸಾಲು ಬಿಟ್ಟರೆ ಆ ನಷ್ಟ ತುಂಬುವವರು ಯಾರು? ದಡಕ್ಕೆ ಬೇಲಿ ಹಾಕಿದರೆ ಪೊರಂಬೋಕಿನಲ್ಲಿ ಆಡು ಮೇಯಿಸುವ ಕೂಲಿ ಹೆಂಗಸು ಎಲ್ಲಿಗೆ ಹೋಗಬೇಕು?

ಆದುದರಿಂದ ನಾವು ಕೇಳುವುದಿಷ್ಟೇ. ಗಿಡ ನೆಟ್ಟು ನೀರೆರೆಯುವ ಕೆಲಸ ಊರಿನ ಕೂಲಿಗಳಿಗೇ ಸಿಗಲಿ, ಕೂಲಿ ವಾರಕ್ಕೆ ಸರಿಯಾಗಿ ಬಟವಾಡೆಯಾಗಲಿ. ಹೊಂಗೆ ಬೀಜ, ಬಿದಿರು, ಮೇವು ಕೊಯ್ಯುವ ಹಕ್ಕು ಭೂಮಿಯಿಲ್ಲದವರಿಗಿರಲಿ. ಸೊಪ್ಪು ರೈತನ ಹೊಲಕ್ಕೆ ಗೊಬ್ಬರವಾಗಲಿ, ಬಿಟ್ಟ ಸಾಲಿಗೆ ಸರ್ಕಾರ ಪರಿಹಾರ ಕೊಡಲಿ. ಬಂಧುಗಳೇ, ಮುಂದಿನ ಗ್ರಾಮಸಭೆಗೆ ರೈತರೂ ಕೂಲಿಗಳೂ ಒಂದೇ ಅರ್ಜಿ ಹಿಡಿದು ಹೋಗೋಣ.