ನಮ್ಮನೆಯಲ್ಲಿ ಉಂಡವರು

ಈ ವಾರ ಮತ್ತೊಂದು ಫೋಟೋ. ನಾಯಕರೊಬ್ಬರು ದಲಿತರ ಮನೆಯಲ್ಲಿ ಊಟಕ್ಕೆ ಕೂತಿದ್ದಾರೆ, ಸುತ್ತ ಹತ್ತು ಮೊಬೈಲು. ನಮ್ಮ ಗೆಳೆಯರೇ ಬಹಳ ಜನ ಹಂಚಿಕೊಂಡಿದ್ದೀರಿ. ನನಗೆ ನೆನಪಾದದ್ದು ಬೇರೆ ಊಟ.

ನಮ್ಮ ಮನೆ ಇದ್ದದ್ದು ಗುಂದದಿಂದ ಉಳವಿಗೆ ಹೋಗುವ ದಾರಿಯಲ್ಲಿ. ಸುತ್ತ ಕಾಡು, ಆಚೆ ಗೋವಾ ಗಡಿ. ವರ್ಷವಿಡೀ ಯಾರೂ ಬರ್ತಿರಲಿಲ್ಲ. ಭಾರತ ಹುಣ್ಣಿಮೆ ಬಂತಂದ್ರೆ ಮಾತ್ರ ಧಾರವಾಡ, ಬೆಳಗಾವಿ ಕಡೆಯಿಂದ ಚನ್ನಬಸವಣ್ಣನ ಜಾತ್ರೆಗೆ ಚಕ್ಕಡಿಗಳ ಸಾಲು. ಗೆಜ್ಜೆ ಸಪ್ಪಳ ಕೇಳಿದ್ರೆ ಹುಡುಗರೆಲ್ಲ ದಾರಿಗೆ ಓಡ್ತಿದ್ವಿ.

ನಾನಾಗ ನಾಲ್ಕನೇ ಇಯತ್ತೆ. ಒಂದು ರಾತ್ರಿ ಹಿಂದುಳಿದ ಒಂಟಿ ಚಕ್ಕಡಿ ಬಂದು ನಿಂತಿತು. ಎತ್ತಿನ ಕೊರಳಪಟ್ಟಿ ಹರಿದಿತ್ತು. ಚರ್ಮದ ಕೆಲಸ ಬಲ್ಲ ಅಪ್ಪ ಕಂದೀಲು ಇಟ್ಟುಕೊಂಡು ಹೊಲಿಯಲು ಕೂತ. ಕೊರಳಲ್ಲಿ ಲಿಂಗ ಕಟ್ಟಿದ ಮುದುಕ ನೆಟ್ಟಗೆ ಒಳಗೆ ಬಂದು ನೀರು ಕೇಳಿದ. ಅವ್ವ ತಂಬಿಗೆ ಹಿಡಿದು ನಿಂತೇಬಿಟ್ಟಳು.

"ಯಜಮಾನ್ರ, ನಾವು..." ಅಂದ ಅಪ್ಪ.

"ಗೊತ್ತೈತಿ ತಮ್ಮಾ. ಹರಳಯ್ಯನ ಮಂದಿ. ನೀರು ಕೊಡಬೇ."

ಕುಡಿದ. ಅನ್ನ, ಹುರಳಿಸಾರು ಉಂಡ. ಹೋಗುವಾಗ "ನಮ್ಮೂರಿಗೆ ಬಾ ತಮ್ಮಾ" ಅಂದ. ಯಾವ ಊರು ಅಂತ ಹೇಳಲಿಲ್ಲ, ಅಪ್ಪನೂ ಕೇಳಲಿಲ್ಲ.

ಮರುವರ್ಷ ಅದೇ ಮುದುಕ ಹಗಲಲ್ಲಿ, ಹತ್ತಾರು ಚಕ್ಕಡಿ ಜೊತೆ ಬಂದ. ದಾರಿ ಮೇಲೇ ನಿಂತು ಬಾರುಕೋಲಿಗೆ ಬಾರು ಹಾಕಿಸಿಕೊಂಡ. ನಾನು ಖುಷಿಯಿಂದ ತಂಬಿಗೆ ಒಯ್ದೆ. "ಬ್ಯಾಡ ಮಗಾ, ಈಗ ಕುಡದೇನಿ" ಅಂದ, ನನ್ನ ಮುಖ ನೋಡದೆ.

ಅವನನ್ನು ಕೆಟ್ಟವ ಅನ್ನಲಾರೆ. ಕ್ಯಾಮೆರಾ ಇಲ್ಲದ ರಾತ್ರಿ ಉಂಡವ ಅವನು, ಅದು ಸಣ್ಣ ಮಾತಲ್ಲ. ಆದರೆ ಅವನಿಗೆ ತನ್ನವರ ಚಕ್ಕಡಿಗಳ ಭಯ ಇತ್ತು. ಅವೆಲ್ಲ ಹೊರಟಿದ್ದು ಎಲ್ಲಿಗೆ? 12ನೇ ಶತಮಾನದ ಕಲ್ಯಾಣದಲ್ಲಿ ಸಮಗಾರ ಹರಳಯ್ಯನವರ ಮಗನಿಗೂ ಬ್ರಾಹ್ಮಣ ಮಧುವರಸರ ಮಗಳಿಗೂ ಮದುವೆಯಾಗಿ, ಅಪ್ಪಂದಿರಿಗೆ ಎಳೆಹೂಟೆ ಶಿಕ್ಷೆಯಾಗಿ, ಶರಣರು ದಿಕ್ಕಾಪಾಲಾಗಿ ಈ ಕಾಡು ಸೇರಿದ್ದಕ್ಕೇ ಅಲ್ಲವೇ ಉಳವಿ ಉಳವಿಯಾದದ್ದು! ಕಲ್ಯಾಣ ತಡೆದುಕೊಳ್ಳದೇ ಹೋದದ್ದು ಊಟವನ್ನಲ್ಲ, ಬೀಗತನವನ್ನು. 1936ರಲ್ಲೇ 'ಜಾತಿ ವಿನಾಶ'ದಲ್ಲಿ ಬಾಬಾಸಾಹೇಬರು ಸಹಭೋಜನ ಸಾಲದು, ಅಂತರ್ಜಾತಿ ಮದುವೆಯೇ ಮದ್ದು ಎಂದು ಬರೆದಿಟ್ಟಿದ್ದಾರೆ. ನಾವಿನ್ನೂ ತಾಟು ಎಣಿಸ್ತಾ ಕೂತಿದ್ದೀವಿ.

ಆ ಫೋಟೋಕ್ಕೆ ಲೈಕ್ ಒತ್ತಿದ ಗೆಳೆಯರೇ, ಮುಂದಿನ ಸಲ ಒಂದೇ ಒಂದು ಪ್ರಶ್ನೆ ಕೆಳಗೆ ಬರೀರಿ: "ಸಾಹೇಬ್ರೇ, ಇವರನ್ನು ನಿಮ್ಮ ಮನೆಗೆ ಯಾವತ್ತು ಕರೀತೀರಿ? ಯಾವ ಊರು, ಯಾವ ಓಣಿ?"

ಜೈಭೀಮ್.